ವಾಕ್ಚಿತ್ರದ ವರದರಾಯರು

ಕಲ್ಯಾಣ ನಗರದಿಂದ ಬಸ್ಸಿನಲ್ಲಿ ಹೊರಟು ಶಿವಾಜಿನಗರದಲ್ಲಿಳಿದು, ಅಲ್ಲಿಂದ ಮತ್ತೊಂದು ಬಸ್ಸನ್ನು ಹಿಡಿದು ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಹೋಗುವವನು ತನಗರಿಯದಂತೆಯೆ ಹಳೆಯದೊಂದು ಗಡಿಯನ್ನು ದಾಟುತ್ತಾನೆ. ಈಗ ಅಲ್ಲಿ ಕಾವಲೂ ಇಲ್ಲ, ಕಟ್ಟೆಯೂ ಇಲ್ಲ. ಕಬ್ಬನ್ ಉದ್ಯಾನದ ಮರಗಳ ನೆರಳು ಮಾತ್ರ ಇದೆ. ಆದರೆ 1947ರವರೆಗೆ ಆ ಉದ್ಯಾನದ ಮೂಡಲ ಕಡೆಯ ದಂಡು ಬ್ರಿಟಿಷ್ ರೆಸಿಡೆಂಟರ ಆಡಳಿತಕ್ಕೆ ಸೇರಿದ್ದಿತು. ಪಡುವಲ ಕಡೆಯ ಪೇಟೆ ಮೈಸೂರು ಮಹಾರಾಜರ ಸರಕಾರಕ್ಕೆ ಸೇರಿದ್ದಿತು. ಎರಡಕ್ಕೂ ಬೇರೆ ಬೇರೆ ಪುರಸಭೆಗಳಿದ್ದು, ಅವೆರಡೂ ಕೂಡಿ ಒಂದೇ ಕಾರ್ಪೊರೇಷನ್ ಆದುದು 1949ರಲ್ಲಿ. ಈಗಿನ ಕಲ್ಯಾಣ ನಗರವಿರುವ ನೆಲವೆಲ್ಲ ಆಗ ಊರಾಚೆಯ ಹೊಲ, ಕೆರೆ, ಹಳ್ಳಿಗಳಾಗಿದ್ದುವು.

ಊರು ಹೀಗೆ ಎರಡಾಗಿದ್ದಂತೆ ಊರಿನ ವಿನೋದವೂ ಎರಡಾಗಿದ್ದಿತು. ದಂಡಿನಲ್ಲಿ ಸೋಜರರಿಗೂ ಅಧಿಕಾರಿಗಳಿಗೂ ಇಂಗ್ಲಿಷ್ ಚಿತ್ರಗಳು. ಹಲಸೂರು, ಶಿವಾಜಿನಗರಗಳ ಜನಕ್ಕೆ ತಮಿಳು, ಹಿಂದುಸ್ತಾನಿ ಚಿತ್ರಗಳು. ಶಿವಾಜಿನಗರದ ಎಲ್ಗಿನ್ ಮಂದಿರ ಬಹು ಹಳೆಯದು. ಸೌತ್ ಪೆರೇಡ್ ಎಂಬ ಹೆಸರಿದ್ದ ಇಂದಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಪ್ಲಾಜಾ ಮಂದಿರ ತೆರೆದುದು 1936ರಲ್ಲಿ. ಪೇಟೆಯಲ್ಲಾದರೋ ಕಂಪೆನಿ ನಾಟಕಗಳ ವೈಭವ. ರಾತ್ರಿ ಊಟ ಮುಗಿಸಿ ಹೋದವರು ಕೋಳಿ ಕೂಗುವ ಹೊತ್ತಿಗೆ ಮನೆಗೆ ಮರಳುತ್ತಿದ್ದ ಕಾಲ ಅದು. ಕನ್ನಡದ ಮೊದಲ ವಾಕ್ಚಿತ್ರ ತೆರೆಯ ಮೇಲೆ ಮೂಡಿದುದೂ ಪೇಟೆಯಲ್ಲಿಯೆ: ಮಾರುಕಟ್ಟೆಯ ಸಮೀಪದ ಪ್ಯಾರಾಮೌಂಟ್ ಮಂದಿರದಲ್ಲಿ, 1934ನೆಯ ಇಸವಿ ಮಾರ್ಚಿ 3ನೆಯ ತಾರೀಖು. ಆ ಮಂದಿರ ಮುಂದೆ ಪರಿಮಳ ಎಂಬ ಹೆಸರನ್ನು ಪಡೆಯಿತು. ಚಿತ್ರದ ಹೆಸರು ‘ಸತಿ ಸುಲೋಚನ’ ಎಂಬುದನ್ನು ಶಾಲೆಯ ಹುಡುಗನೂ ಬಲ್ಲ. ಇಂದ್ರಜಿತ್ತಾಗಿ ಸುಬ್ಬಯ್ಯ ನಾಯ್ಡುಗಳೂ ರಾವಣನಾಗಿ ನಾಗೇಂದ್ರರಾಯರೂ ಸುಲೋಚನೆಯಾಗಿ ತ್ರಿಪುರಾಂಬೆಯವರೂ ನಟಿಸಿದರೆಂಬುದನ್ನು ಹಿರಿಯರು ನೆನೆಯುತ್ತಾರೆ. ಚಿತ್ರವನ್ನು ನಿರ್ದೇಶಿಸಿದವರು ಯಾರು ಎಂದು ಕೇಳಿದರೆ ಮಾತ್ರ ಅನೇಕರು ಕೊಂಚ ತಡೆದು, ಯಾರೋ ಹೊರಗಿನವರು, ಎಂದುಬಿಡುತ್ತಾರೆ.

ಆ ಹೊರಗಿನವರು ಯರಗುಡಿಪಾಟಿ ವರದರಾಯರು. ಚಿತ್ರಜಗತ್ತಿಗೆ ಅವರು ವೈ. ವಿ. ರಾವ್. 1903ರಲ್ಲಿ ನೆಲ್ಲೂರಿನಲ್ಲಿ ಹುಟ್ಟಿದವರು, ಮನೆಮಾತು ತೆಲುಗು. ರೂಪವೂ ಶರೀರದಾರ್ಢ್ಯವೂ ಇದ್ದುದರಿಂದ ರಂಗಭೂಮಿಯ ಹವ್ಯಾಸ ಅವರನ್ನು ಬೇಗನೆ ಮೂಕಚಿತ್ರಗಳ ಕಡೆಗೆ ಸೆಳೆಯಿತು. ಮುಂಬಯಿ, ಕೊಲ್ಲಾಪುರಗಳಲ್ಲಿ ಕೆಲವು ಕಾಲ ಪಾತ್ರ ವಹಿಸಿ, ಮದರಾಸಿನಲ್ಲಿ ಎ. ನಾರಾಯಣನ್ ಅವರು ಜನರಲ್ ಪಿಕ್ಚರ್ಸ್ ಕಾರ್ಪೊರೇಷನ್ ಎಂಬ ಸಂಸ್ಥೆಯನ್ನು ತೆರೆದಾಗ ಅಲ್ಲಿಯೂ ನಾಯಕರಾದರು. ಒಂದು ವಿಶೇಷವನ್ನು ಇಲ್ಲಿ ಗಮನಿಸಬೇಕು. ಮೂಕಚಿತ್ರದ ಕಾಲದಲ್ಲಿ ನಟನಿಗೆ ತಾಯ್ನುಡಿಯ ಕಟ್ಟು ಇರಲಿಲ್ಲ. ಮಾತೆಲ್ಲವೂ ನಡುನಡುವೆ ಬರುವ ಬರೆಹದ ಫಲಕಗಳಲ್ಲಿತ್ತು. ಆ ಫಲಕಗಳನ್ನು ಬದಲಾಯಿಸಿದರೆ ನೆಲ್ಲೂರಿನವನು ಮುಂಬಯಿಯವನಾಗುತ್ತಿದ್ದ, ಮುಂಬಯಿಯವನು ಬೆಂಗಳೂರಿನವನಾಗುತ್ತಿದ್ದ. ಅಂದಿನ ಕಲಾವಿದರು ದೇಶವನ್ನೆಲ್ಲ ಒಂದೇ ಅಂಗಳವೆಂದು ಓಡಾಡಿದುದು ಆಶ್ಚರ್ಯವಲ್ಲ.

ಬೆಂಗಳೂರು ಆ ಅಂಗಳದ ಒಳ್ಳೆಯ ಮೂಲೆಯಾಗಿದ್ದಿತು. ಹಗಲಿನ ಬೆಳಕನ್ನೇ ನೆಚ್ಚಿ ಚಿತ್ರ ಹಿಡಿಯುತ್ತಿದ್ದ ದಿನಗಳಲ್ಲಿ ಇಲ್ಲಿಯ ತಿಳಿಬಿಸಿಲೂ ಹಿತವಾದ ಹವೆಯೂ ಸುತ್ತಣ ಬಂಡೆ, ತೋಪು, ಕೆರೆಗಳೂ ಬಂಡವಾಳವಿಲ್ಲದೆ ದೊರೆತ ರಂಗಸಜ್ಜಿಕೆ. 1929ರಲ್ಲಿ ಗುಜರಾತಿನ ಕಡೆಯ ಹರಿಭಾಯಿ ದೇಸಾಯಿಯವರು ಇಲ್ಲಿ ಸೂರ್ಯ ಫಿಲಂ ಕಂಪೆನಿಯನ್ನು ಸ್ಥಾಪಿಸಿದರು. ಮೋಹನ ಭವನಾನಿಯವರು ‘ಮೃಚ್ಛಕಟಿಕ’ದ ಕಥೆಯನ್ನು ‘ವಸಂತಸೇನೆ’ಯೆಂದು ಮೂಕಚಿತ್ರವಾಗಿಸಿದಾಗ ಅದರಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯರೂ ಎಣಾಕ್ಷಿ ರಾಮರಾಯರೂ ಟಿ. ಪಿ. ಕೈಲಾಸಂ ಅವರೂ ಪಾತ್ರಧಾರಿಗಳಾದರು. ಮಾತಿನ ಮಲ್ಲರಾದ ಕೈಲಾಸಂ ಮೂಕಚಿತ್ರದಲ್ಲಿ ಬಾಯಿ ಕಟ್ಟಿ ನಿಂತ ಸೋಜಿಗವನ್ನು ಓದುಗರೇ ಊಹಿಸಿಕೊಳ್ಳಬಹುದು! ಗುಬ್ಬಿ ವೀರಣ್ಣನವರೂ ಸುಮ್ಮನಿರಲಿಲ್ಲ; ಕರ್ನಾಟಕ ಪಿಕ್ಚರ್ಸ್ ಸಂಸ್ಥೆಯನ್ನು ಕಟ್ಟಿ ಮೂಕಚಿತ್ರಗಳಿಗೆ ಕೈಹಾಕಿದರು. ವರದರಾಯರು ನಟನ ಪಟ್ಟದಿಂದ ನಿರ್ದೇಶಕನ ಪೀಠಕ್ಕೆ ಏರಿದುದು ಈ ಅವಧಿಯಲ್ಲಿಯೆ. ‘ಪಾಂಡವ ನಿರ್ವಾಣ’, ‘ಸಾರಂಗಧರ’, ‘ಹರಿಮಾಯಾ’ ಮೊದಲಾದ ಮೂಕಚಿತ್ರಗಳು 1930ರಿಂದ 1932ರೊಳಗೆ ಅವರ ಕೈಯಿಂದ ಹೊರಬಂದುವು.

ಅಷ್ಟರಲ್ಲಿ ಕಾಲ ಮಗ್ಗುಲಾಯಿತು. 1931ರ ಮಾರ್ಚಿಯಲ್ಲಿ ಮುಂಬಯಿಯಲ್ಲಿ ‘ಆಲಂ ಆರಾ’ ಮಾತನಾಡಿತು. ಅದೇ ವರ್ಷದ ಅಕ್ಟೋಬರಿನಲ್ಲಿ ‘ಕಾಳಿದಾಸ’ ತಮಿಳನ್ನು ನುಡಿಯಿತು. ತೆಲುಗೂ ಹಿಂದೆ ಬೀಳಲಿಲ್ಲ. ಒಂದೇ ಅಂಗಳವಾಗಿದ್ದ ದೇಶದಲ್ಲಿ ಭಾಷೆಗೊಂದರಂತೆ ಗೋಡೆಗಳೆದ್ದುವು. ಮೂಕಚಿತ್ರಕ್ಕೆ ಬಿಸಿಲು ಸಾಕಾಗಿತ್ತು. ಮಾತಿನ ಚಿತ್ರಕ್ಕೆ ನಿಶ್ಶಬ್ದ ಬೇಕಾಯಿತು. ಹೊರಗಿನ ಗಾಡಿಯ ಸದ್ದು, ಕಾಗೆಯ ಕೂಗು, ಕೊನೆಗೆ ಕ್ಯಾಮರಾ ಯಂತ್ರದ ಗರಗರ ಶಬ್ದ, ಯಾವುದೂ ಧ್ವನಿಗ್ರಾಹಕಕ್ಕೆ ಸೋಕಬಾರದು. ಅಂಥ ಕಟ್ಟಡವೂ ಯಂತ್ರವೂ ಬಹು ಹಣದ ಮಾತು. ಮೂಕಚಿತ್ರಕ್ಕೆ ಅಷ್ಟು ಅನುಕೂಲವಾಗಿದ್ದ ಬೆಂಗಳೂರಿನಲ್ಲಿ ಅಂಥದೊಂದು ಧ್ವನಿಶಾಲೆ ಇರಲಿಲ್ಲ. ವರದರಾಯರ ಬಾಳಿನ ದಿಕ್ಕನ್ನು ತಿರುಗಿಸಿದುದು ಈ ಕೊರತೆಯೆ ಎಂದರೆ ತಪ್ಪಾಗದು.

ಬೆಂಗಳೂರಿನಲ್ಲಿ ವ್ಯಾಪಾರ ಮಾಡಿಕೊಂಡಿದ್ದ ರಾಜಸ್ಥಾನದ ಚಮನ್‌ಲಾಲ್ ಡೂಂಗಾಜಿಯವರು ಸೌತ್ ಇಂಡಿಯಾ ಮೂವಿಟೋನ್ ಎಂಬ ಸಂಸ್ಥೆಯನ್ನು ಆರಂಭಿಸಿ, ಕನ್ನಡದಲ್ಲಿಯೆ ಒಂದು ವಾಕ್ಚಿತ್ರವಾಗಬೇಕೆಂದು ಹಣವನ್ನು ಮುಂದಿಟ್ಟರು. ಖರ್ಚು ಸುಮಾರು 40,000 ರೂಪಾಯಿ. ಅಂದಿನ ಆ ಮೊತ್ತ ಸಾಮಾನ್ಯವಲ್ಲ. ಮಾತು, ಹಾಡುಗಳನ್ನು ಬರೆದವರು ತುಮಕೂರು ಸೀಮೆಯ ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಗುಬ್ಬಿ ಕಂಪೆನಿಗೆ ನಾಟಕಗಳನ್ನು ಬರೆದುಕೊಟ್ಟು, ಪೌರಾಣಿಕ ಪಾತ್ರಗಳ ಬಾಯಿಗೆ ಯಾವ ಕನ್ನಡ ಒಪ್ಪುತ್ತದೆಂಬುದನ್ನು ನಿದ್ದೆಗಣ್ಣಿನಲ್ಲಿಯೂ ಬಲ್ಲವರು. ನಟವರ್ಗವೆಲ್ಲ ಹೆಚ್ಚಾಗಿ ನಾಗೇಂದ್ರರಾಯರೂ ಸುಬ್ಬಯ್ಯ ನಾಯ್ಡುಗಳೂ ನಡೆಸುತ್ತಿದ್ದ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಲಿಯದು. ಹೀಗೆ ಹಣ, ಕಥೆ, ನಟರು ಎಲ್ಲವೂ ಕೂಡಿದುವು. ಸೂರು ಮಾತ್ರ ಇಲ್ಲ. ತಂಡವೆಲ್ಲ ಗಂಟುಮೂಟೆ ಕಟ್ಟಿ ಕೊಲ್ಲಾಪುರದ ಛತ್ರಪತಿ ಸಿನೆಟೋನ್‌ಗೆ ಹೊರಟಿತು. ಕನ್ನಡದ ಮೊದಲ ವಾಕ್ಚಿತ್ರ ಮರಾಠಿ ಮಾತನಾಡುವ ಊರಿನಲ್ಲಿ, ಮಾರವಾಡಿಯೊಬ್ಬರ ಹಣದಿಂದ, ತೆಲುಗರೊಬ್ಬರ ಆಣತಿಯಂತೆ ನಡೆಯಿತು. ಇದನ್ನು ಹೇಳುವಾಗ ಕೆಲವರು ದನಿಯನ್ನು ತಗ್ಗಿಸುತ್ತಾರೆ, ಏನೋ ಮನೆಯ ಗುಟ್ಟು ಎಂಬಂತೆ. ತಗ್ಗಿಸಬೇಕಾದ ಕಾರಣವೇನೂ ಇಲ್ಲ.

ಕೊಲ್ಲಾಪುರ ವರದರಾಯರಿಗೆ ಹೊಸ ಊರಲ್ಲ. ಬಾಬುರಾವ್ ಪೇಂಟರರ ಮಹಾರಾಷ್ಟ್ರ ಫಿಲಂ ಕಂಪೆನಿ ಮೆರೆದ ಊರು ಅದು. ಪ್ರಭಾತ್ ಸಂಸ್ಥೆಯೂ 1929ರಲ್ಲಿ ಅಲ್ಲಿ ಹುಟ್ಟಿ 1933ರಲ್ಲಿ ಪುಣೆಗೆ ಹೋಯಿತು. ಅಲ್ಲಿಯ ಬಡಗಿ, ಬಣ್ಣಗಾರ, ದೀಪದಾಳುಗಳಿಗೆ ಅರಮನೆಯನ್ನೆಬ್ಬಿಸುವುದೂ ರಣರಂಗವನ್ನು ಹೂಡುವುದೂ ರೂಢಿಯ ಕೆಲಸ. ಸುಮಾರು ಎರಡು ತಿಂಗಳು ಅಲ್ಲಿ ಚಿತ್ರೀಕರಣ ನಡೆಯಿತು.

ಆ ಎರಡು ತಿಂಗಳಲ್ಲಿ ನಿರ್ದೇಶಕನ ಪಾಡು ಏನಿದ್ದೀತು ಎಂಬುದನ್ನು ಇಂದಿನವರು ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಎದುರಿಗೆ ನಿಂತವರು ಕಂಪೆನಿ ನಾಟಕದ ಘಟಾನುಘಟಿಗಳು. ಹಿಂದಿನ ಸಾಲಿನ ನಾಲ್ಕಾಣೆಯವನಿಗೂ ಕೇಳುವಂತೆ ಕಂಠವನ್ನು ಬೆಳಸಿದವರು. ಒಂದು ಕಂದಪದ್ಯಕ್ಕೆ ಮೂರು ಸಲ ‘ಒನ್ಸ್ ಮೋರ್’ ಪಡೆದವರು. ಆ ಕೂಗಿನಿಂದಲೇ ಉತ್ಸಾಹಗೊಂಡು ಮರುಕ್ಷಣದ ಅಭಿನಯಕ್ಕೆ ಕಾವು ತಂದುಕೊಳ್ಳುವವರು. ಅಂಥವರನ್ನು ಕರೆತಂದು ಸದ್ದಿಲ್ಲದ ಮನೆಯಲ್ಲಿ ನಿಲ್ಲಿಸಿ, ಇಲ್ಲಿ ಪ್ರೇಕ್ಷಕರಿಲ್ಲ, ಚಪ್ಪಾಳೆಯಿಲ್ಲ, ಈ ಗೀಟಿನಿಂದಾಚೆ ಕಾಲಿಡುವಂತಿಲ್ಲ, ದನಿಯನ್ನು ಇಷ್ಟಕ್ಕೆ ಇಳಿಸಿ, ಎಂದು ಹೇಳಬೇಕು. ಹಿನ್ನೆಲೆಗಾಯನದ ಸೌಕರ್ಯ ಆಗ ಬಂದಿರಲಿಲ್ಲ. ಹಾಡುವವರು ನಟಿಸುತ್ತಲೇ ಹಾಡಬೇಕು; ಪಕ್ಕವಾದ್ಯದವರು ಚಿತ್ರದ ಚೌಕಟ್ಟಿನ ಹೊರಗೆ ಎಲ್ಲಿಯೋ ಅಡಗಿ ನುಡಿಸಬೇಕು; ತಾಳ ತಪ್ಪಿದರೆ, ಕೆಮ್ಮು ಬಂದರೆ, ಇಡೀ ಭಾಗವನ್ನು ಮೊದಲಿಂದ ತೆಗೆಯಬೇಕು. ಫಿಲಂ ಸುರುಳಿಯಾದರೋ ಅಡಿಗೆ ಇಷ್ಟೆಂದು ದುಡ್ಡು ಕೊಟ್ಟು ತಂದದ್ದು. ಇರುಳೆಲ್ಲ ನಡೆಯುವ ನಾಟಕವನ್ನು ಸುಮಾರು ಮೂರು ಗಂಟೆಗೆ ಅಡಕಮಾಡಬೇಕು, ಅಂದರೆ ನಟನಿಗೆ ಪ್ರಿಯವಾದ ಎಷ್ಟೋ ಪದಗಳನ್ನು ಕತ್ತರಿಸಬೇಕು. ಇದನ್ನೆಲ್ಲ ಮಾಡಿಸಬೇಕಾದವರು ಮೂವತ್ತು ವರ್ಷದ ಒಬ್ಬ ಯುವಕ. ಅದರ ಮೇಲೆ, ತಮ್ಮ ಮನೆಮಾತಲ್ಲದ ಮಾತಿನಲ್ಲಿ.

ಕನ್ನಡದ ಸೊಬಗನ್ನು ಅವರು ಎಷ್ಟರಮಟ್ಟಿಗೆ ಅರಿತಿದ್ದರೆಂದು ಅಳೆಯುವುದು ಕಷ್ಟ. ಬೆಂಗಳೂರಿನಲ್ಲಿ ಕೆಲಸ ಮಾಡಿದವರಿಗೆ ಕನ್ನಡ ಅಪರಿಚಿತವಾಗಿರಲಾರದು. ನೆಲ್ಲೂರಿನವನಿಗೆ ಅದು ದಾಯಾದಿ ಭಾಷೆಯೇ ಸರಿ. ಆದರೂ ಶುದ್ಧ ಉಚ್ಚಾರಣೆಯ ಹೊಣೆಯನ್ನು ನರಹರಿ ಶಾಸ್ತ್ರಿಗಳಿಗೂ ನಾಗೇಂದ್ರರಾಯರಿಗೂ ಬಿಟ್ಟು, ತಾವು ನೋಟದ ಕಡೆಯನ್ನೂ ನಡಿಗೆಯ ಕಡೆಯನ್ನೂ ವಹಿಸಿಕೊಂಡಿರಬೇಕೆಂದು ಊಹಿಸುವುದು ಸಹಜ. ಸುಲೋಚನೆಯ ಕಥೆ ನೋಟಕ್ಕೂ ಹೇಳಿಮಾಡಿಸಿದಂತಹುದು. ಲಕ್ಷ್ಮಣನ ಬಾಣಕ್ಕೆ ಕತ್ತರಿಸಿದ ಇಂದ್ರಜಿತ್ತಿನ ತೋಳು ಬಂದು ಹೆಂಡತಿಯ ಅಂಗಳದಲ್ಲಿ ಬೀಳುತ್ತದೆ. ಆ ತೋಳು ತಾನೇ ಬರೆದು ನಡೆದುದನ್ನು ತಿಳಿಸುತ್ತದೆ. ಆಕೆ ಶತ್ರುವಿನ ಪಾಳೆಯಕ್ಕೆ ಹೋಗಿ ಗಂಡನ ತಲೆಯನ್ನು ಬೇಡಿ ತರುತ್ತಾಳೆ. ನಾಟಕದ ಹಲಗೆಯ ಮೇಲೆ ಬಟ್ಟೆಯ ತೋಳನ್ನು ಎಸೆದು ತೃಪ್ತಿಪಡಬೇಕಾಗಿದ್ದ ಜನ, ತೆರೆಯ ಮೇಲೆ ಏನನ್ನು ಕಾಣಲು ನೂಕುನುಗ್ಗಲಾಗಿ ಬಂದರೆಂಬುದು ಸ್ಪಷ್ಟ. ಬೆಂಗಳೂರಿನಲ್ಲಿ ಚಿತ್ರ ಹಲವು ವಾರ ಓಡಿತು. ಪಿ. ವೈ. ಅಳ್ತೇಕರ್ ಅವರು ನಿರ್ದೇಶಿಸಿದ ‘ಭಕ್ತ ಧ್ರುವ’ ಇದಕ್ಕಿಂತ ಮುಂಚೆ ಸಿದ್ಧತೆಗೆ ತೊಡಗಿತ್ತಾದರೂ ತೆರೆಗೆ ಬಂದುದು ಆಮೇಲೆ. ಆ ನಿರ್ದೇಶಕರೂ ಮರಾಠಿಯವರು ಎಂಬುದನ್ನು ಇಲ್ಲಿಯೇ ಹೇಳಿಬಿಡಬಹುದು.

ಇಷ್ಟು ಜಯ ದೊರೆತ ಮೇಲೆ ವರದರಾಯರು ಕನ್ನಡದಲ್ಲಿ ಸಾಲುಸಾಲಾಗಿ ಚಿತ್ರಗಳನ್ನು ತೆಗೆಯಬೇಕಾಗಿತ್ತು. ಹಾಗಾಗಲಿಲ್ಲ. 1934ರಿಂದ 1940ರವರೆಗಿನ ಕನ್ನಡ ಚಿತ್ರಗಳನ್ನು ಬೆರಳುಗಳಲ್ಲಿ ಎಣಿಸಬಹುದು. ಪ್ರತಿಯೊಂದಕ್ಕೂ ತಂಡ ಊರು ಬಿಟ್ಟು ಹೋಗಬೇಕು, ಪ್ರತಿಯೊಂದಕ್ಕೂ ಹೊಸದಾಗಿ ಹಣವಂತನನ್ನು ಹುಡುಕಬೇಕು. ಮದರಾಸಿನಲ್ಲಿಯಾದರೋ 1934ರಲ್ಲಿಯೇ ನಾರಾಯಣನ್ ಅವರ ಶ್ರೀನಿವಾಸ ಸಿನೆಟೋನ್ ಎದ್ದಿತು. ಅದರ ಹಿಂದೆ ಒಂದಾದ ಮೇಲೊಂದು ಧ್ವನಿಶಾಲೆಗಳು ಬಂದುವು. ಕೆಲಸಗಾರನು ಕೆಲಸವಿದ್ದೆಡೆ ಹೋಗುತ್ತಾನೆ. ವರದರಾಯರು ಕನ್ನಡವನ್ನು ತೊರೆದರೆಂದು ದೂರುವವರು, ಕನ್ನಡ ಅವರಿಗೆ ನಿಲ್ಲಲು ಎಷ್ಟು ಜಾಗ ಕೊಟ್ಟಿತ್ತೆಂಬುದನ್ನೂ ಕೇಳಿಕೊಳ್ಳಬೇಕು.

ಹೋದವರು ಬರಿಗೈಯಲ್ಲಿ ಹೋಗಲಿಲ್ಲ. 1937ರಲ್ಲಿ ಮಧುರೆಯ ರಾಯಲ್ ಟಾಕೀಸ್ ಸಂಸ್ಥೆಗಾಗಿ ಅವರು ‘ಚಿಂತಾಮಣಿ’ಯನ್ನು ನಿರ್ದೇಶಿಸಿದರು. ಬಿಲ್ವಮಂಗಳನಾಗಿ ಎಂ. ಕೆ. ತ್ಯಾಗರಾಜ ಭಾಗವತರು; ಹಾಡುಗಳು ಪಾಪನಾಶಂ ಶಿವನ್ ಅವರವು; ಚಿತ್ರೀಕರಣ ದೂರದ ಕಲ್ಕತ್ತೆಯಲ್ಲಿ. ಚಿಂತಾಮಣಿಯ ಪಾತ್ರಕ್ಕೆ ರಾಯರು ಆರಿಸಿದುದು ಬೆಂಗಳೂರಿನ ಗಾಯಕಿ ನಟಿ ಅಶ್ವತ್ಥಮ್ಮನವರನ್ನು. 1935ರ ‘ಸದಾರಮೆ’ಯಿಂದ ಕನ್ನಡಿಗರಿಗೆ ಆಗಲೇ ಪರಿಚಿತರಾಗಿದ್ದವರು. ಕನ್ನಡತಿಯೊಬ್ಬರ ತಮಿಳನ್ನು ತಮಿಳುನಾಡು ತಿಂಗಳುಗಟ್ಟಲೆ ಕೇಳಿ ದಣಿಯಲಿಲ್ಲ. ಆ ಚಿತ್ರ ಒಂದೇ ಮಂದಿರದಲ್ಲಿ ವರ್ಷಕ್ಕೆ ಮೀರಿ ನಡೆಯಿತು. ಬಂದ ಲಾಭದಿಂದ ಸಂಸ್ಥೆಯವರು ಮಧುರೆಯಲ್ಲಿ ಒಂದು ಚಿತ್ರಮಂದಿರವನ್ನೇ ಕಟ್ಟಿಸಿ ಅದಕ್ಕೂ ‘ಚಿಂತಾಮಣಿ’ಯೆಂದೇ ಹೆಸರಿಟ್ಟರು. ಅಶ್ವತ್ಥಮ್ಮನವರಿಗೆ ಆಯುಸ್ಸು ಸಾಲಲಿಲ್ಲ. 1944ರಲ್ಲಿ, ನಡುವಯಸ್ಸು ಮುಟ್ಟುವ ಮೊದಲೇ ತೀರಿಕೊಂಡರು. ‘ಸತಿ ಸುಲೋಚನ’ವನ್ನು ಪೇಟೆಯವರ ಪಾಲಿಗೂ ‘ಚಿಂತಾಮಣಿ’ಯನ್ನು ದಂಡಿನ ತಮಿಳರ ಪಾಲಿಗೂ ಇಟ್ಟು ನೋಡಿದರೆ, ಕಬ್ಬನ್ ಉದ್ಯಾನದ ಎರಡೂ ಕಡೆಯ ಜನರ ಪ್ರೀತಿಗೆ ಯೋಗ್ಯವಾದ ಕೆಲಸವನ್ನು ಒಬ್ಬನೇ ಮನುಷ್ಯನು ಮೂರು ವರ್ಷಗಳ ಅಂತರದಲ್ಲಿ ಮಾಡಿದ್ದನು.

ಆ ಮೇಲಿನ ಕೆಲಸದಲ್ಲಿ ಅವರ ಧೈರ್ಯ ಎದ್ದು ಕಾಣುತ್ತದೆ. ಪುರಾಣ ಬಿಟ್ಟರೆ ಗತಿಯಿಲ್ಲವೆಂದು ಬಂಡವಾಳಗಾರರು ನಂಬಿದ್ದಾಗ, 1939ರಲ್ಲಿ ತೆಲುಗಿನಲ್ಲಿ ‘ಮಳ್ಳೀ ಪೆಳ್ಳಿ’ಯನ್ನು ತೆಗೆದರು. ಹೆಸರಿಗೆ ಮರುಮದುವೆ ಎಂದೇ ಅರ್ಥ. ಬಾಲವಿಧವೆಯ ಪುನರ್ವಿವಾಹವೇ ವಸ್ತು. ನಾಯಕಿ ಕಾಂಚನಮಾಲೆ, ನಾಯಕ ತಾವೇ. ಐದು ವರ್ಷ ಹಿಂದೆ ಸಹಗಮನ ಮಾಡುವ ಸತಿಯನ್ನು ಚಿತ್ರಿಸಿದವರೇ ಮರುಮದುವೆಯಾಗುವ ವಿಧವೆಯನ್ನೂ ಚಿತ್ರಿಸಿದರೆಂಬುದು ನೆನೆಯತಕ್ಕ ಸಂಗತಿ. ಮರುವರ್ಷದ ‘ವಿಶ್ವಮೋಹಿನಿ’ಯಲ್ಲಿ ಚಿತ್ರರಂಗದ ಒಳಹೊರಗನ್ನೇ ಕಥೆಯಾಗಿಸಿದರು. 1941ರ ತಮಿಳು ‘ಸಾವಿತ್ರಿ’ಯಲ್ಲಿ ಮರಾಠಿ ನಟಿ ಶಾಂತಾ ಆಪ್ಟೆಯವರು ತಮಿಳು ಕಲಿತು ಸಾವಿತ್ರಿಯಾದರು, ಎಂ. ಎಸ್. ಸುಬ್ಬುಲಕ್ಷ್ಮಿಯವರು ನಾರದರಾದರು, ಸತ್ಯವಾನನ ಪಾತ್ರ ರಾಯರದು. ಸುಬ್ಬುಲಕ್ಷ್ಮಿಯವರಿಗೆ ಆ ಚಿತ್ರದಿಂದ ದೊರೆತ ಹಣ ‘ಕಲ್ಕಿ’ ವಾರಪತ್ರಿಕೆಯ ಸ್ಥಾಪನೆಗೆ ಮೂಲಧನವಾಯಿತು. 1946ರಲ್ಲಿ ‘ಲವಂಗಿ’ ಬಂದಿತು. ಜಗನ್ನಾಥ ಪಂಡಿತರಾಜನೂ ಮೊಗಲರ ಆಸ್ಥಾನದ ಲವಂಗಿಯೂ ಒಲಿದ ಕಥೆ. ಪಂಡಿತನಾಗಿ ರಾಯರೂ ಲವಂಗಿಯಾಗಿ ಕುಮಾರಿ ರುಕ್ಮಿಣಿಯವರೂ ನಟಿಸಿದರು. ರುಕ್ಮಿಣಿಯವರೇ ರಾಯರ ಬಾಳಸಂಗಾತಿಯೂ ಆದರು.

ಭಾಷೆಯ ಗಡಿಯನ್ನು ಹೀಗೆ ದಾಟಿದವರು ಅವರೊಬ್ಬರೇ ಅಲ್ಲ. ಅದೇ ಸುಬ್ಬಯ್ಯ ನಾಯ್ಡುಗಳೂ ನಾಗೇಂದ್ರರಾಯರೂ 1940ರಲ್ಲಿ ಎ. ವಿ. ಮೆಯ್ಯಪ್ಪನ್ ಅವರು ನಿರ್ಮಿಸಿದ ತೆಲುಗು ‘ಭೂಕೈಲಾಸ’ದಲ್ಲಿ ರಾವಣ ನಾರದರಾಗಿ ಆಂಧ್ರರ ಮನಸ್ಸನ್ನು ಗೆದ್ದರು. ತೆಲುಗರೊಬ್ಬರು ಕನ್ನಡಕ್ಕೆ ತೆತ್ತ ಋಣವನ್ನು ಕನ್ನಡಿಗರಿಬ್ಬರು ಆರು ವರ್ಷಗಳಲ್ಲಿ ಬಡ್ಡಿ ಸಮೇತ ಹಿಂದಿರುಗಿಸಿದರೆನ್ನಬಹುದು. ಲೆಕ್ಕ ಸರಿಹೋಯಿತೆಂದು ಆ ಕಲಾವಿದರು ಯೋಚಿಸಿದ್ದರೆಂದಲ್ಲ. ಲೆಕ್ಕ ಇಡುವ ಚಾಳಿ ಬೆಳೆದುದು ಆಮೇಲೆ.

ಇನ್ನು, ವರದರಾಯರು ಎಂಥ ನಿರ್ದೇಶಕರು? ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಕೊಡಹೊರಟವನು ಮೊದಲ ಹೆಜ್ಜೆಯಲ್ಲಿಯೇ ಎಡವುತ್ತಾನೆ. ‘ಸತಿ ಸುಲೋಚನ’ದ ಪ್ರತಿ ಉಳಿದಿಲ್ಲ. ‘ಚಿಂತಾಮಣಿ’ಯ ಪ್ರತಿಯೂ ಉಳಿದಿಲ್ಲ. ಅಂದಿನ ಫಿಲಂ ನೈಟ್ರೇಟಿನದು. ಕಿಡಿ ತಾಗಿದರೆ ಹತ್ತಿ ಉರಿಯುವಂತಹುದು, ಸುಮ್ಮನಿಟ್ಟರೂ ಕಾಲಕ್ರಮದಲ್ಲಿ ಅಂಟುಅಂಟಾಗಿ ಪುಡಿಯಾಗುವಂತಹುದು. ಓಟ ಮುಗಿದ ಚಿತ್ರದ ಸುರುಳಿಗಳನ್ನು ಅದರಲ್ಲಿಯ ಬೆಳ್ಳಿಗಾಗಿ ಕರಗಿಸುವುದೂ ದೇಶದಲ್ಲೆಲ್ಲ ನಡೆದ ವ್ಯಾಪಾರವೇ. ಚಿತ್ರಗಳನ್ನು ಕಾಪಾಡುವುದಕ್ಕೆಂದು ಪುಣೆಯಲ್ಲಿ ರಾಷ್ಟ್ರೀಯ ಸಂಗ್ರಹಾಗಾರ ಸ್ಥಾಪನೆಯಾದುದು 1964ರಲ್ಲಿ. ಸುಲೋಚನೆ ತೆರೆಗೆ ಬಂದು ಮೂವತ್ತು ವರ್ಷ ಕಳೆದ ಮೇಲೆ. ಹತ್ತನೆಯ ಶತಮಾನದ ಪಂಪನ ಕಾವ್ಯ ಓಲೆಗರಿಯಲ್ಲಿ ನಮ್ಮ ಕಾಲದವರೆಗೆ ನಡೆದುಬಂದಿತು. ಇಪ್ಪತ್ತನೆಯ ಶತಮಾನದ ಕನ್ನಡದ ಮೊದಲ ಮಾತಿನ ಚಿತ್ರ ಒಂದು ತಲೆಮಾರನ್ನೂ ಸರಿಯಾಗಿ ದಾಟಲಿಲ್ಲ. ಸುಬ್ಬಯ್ಯ ನಾಯ್ಡುಗಳ ದನಿ ಧ್ವನಿಗ್ರಾಹಕದಲ್ಲಿ ಹೇಗೆ ಇಳಿದಿತ್ತು, ತೋಳು ಬೀಳುವ ದೃಶ್ಯವನ್ನು ರಾಯರು ಯಾವ ಕೋನದಿಂದ ಹಿಡಿದಿದ್ದರು, ನಾಟಕದ ಗತ್ತು ಎಷ್ಟು ಉಳಿದಿತ್ತು, ಎಷ್ಟು ಕರಗಿತ್ತು, ಇವುಗಳನ್ನು ಕಣ್ಣಿಂದ ಕಂಡು ತೀರ್ಪು ಹೇಳುವ ದಾರಿ ಮುಚ್ಚಿಹೋಗಿದೆ. ಆದುದರಿಂದ ಅವರನ್ನು ಮಹಾ ಕಲಾವಿದರೆಂದು ಹೊಗಳುವುದೂ, ನಾಟಕವನ್ನು ಕ್ಯಾಮರಾದ ಮುಂದೆ ನಿಲ್ಲಿಸಿದವರಷ್ಟೆ ಎಂದು ತಳ್ಳಿಹಾಕುವುದೂ ಸಮನಾಗಿ ಆಧಾರವಿಲ್ಲದ ಮಾತುಗಳು. ಜನಕ್ಕೆ ಒಪ್ಪುವ ಕಥೆಯನ್ನು ಹೇಳಬಲ್ಲವರಾಗಿದ್ದರು, ನಟರನ್ನು ಆರಿಸುವ ಕಣ್ಣಿತ್ತು, ಎಷ್ಟು ಭಾಷೆಗಳ ನಟರಿದ್ದರೂ ಒಂದು ಚಿತ್ರವನ್ನು ದಡ ಮುಟ್ಟಿಸುವ ಶಕ್ತಿಯಿತ್ತು. ಇಷ್ಟನ್ನು ನಿಸ್ಸಂದೇಹವಾಗಿ ಹೇಳಬಹುದು. ಧ್ವನಿಶಾಲೆಯ ಕಾಲದ ಮೊದಲ ದಶಕದಲ್ಲಿ ಈ ಮೂರು ಇದ್ದವರು ಬಹಳ ಮಂದಿ ಇರಲಿಲ್ಲ.

ಕನ್ನಡದೊಡನೆ ಅವರ ನಂಟು ಪೂರ್ತಿಯಾಗಿ ಹರಿಯಲೂ ಇಲ್ಲ. 1961ರಲ್ಲಿ ಅವರು ‘ನಾಗಾರ್ಜುನ’ ಎಂಬ ಕನ್ನಡ ಚಿತ್ರವನ್ನು ನಿರ್ದೇಶಿಸಿದರು. ನಾಯಕ ರಾಜಕುಮಾರ್. ಆ ಹೊತ್ತಿಗೂ ಕನ್ನಡ ಚಿತ್ರಗಳು ಹೆಚ್ಚಾಗಿ ಮದರಾಸಿನಲ್ಲಿಯೆ ತಯಾರಾಗುತ್ತಿದ್ದುವು. ಬೆಂಗಳೂರಿನಲ್ಲಿ ಕಂಠೀರವ ಸ್ಟುಡಿಯೋ ತಲೆಯೆತ್ತಲು ಇನ್ನೂ ಕೆಲವು ವರ್ಷಗಳು ಬೇಕಾಗಿದ್ದುವು. ಮೊದಲ ವಾಕ್ಚಿತ್ರಕ್ಕೆ ಕೊಲ್ಲಾಪುರದ ದಾರಿ ಹಿಡಿದ ಮನುಷ್ಯನು ಇಪ್ಪತ್ತೇಳು ವರ್ಷದ ಮೇಲೂ ಕನ್ನಡ ಚಿತ್ರರಂಗ ಸ್ವಂತ ಸೂರಿಗಾಗಿ ಕಾದಿರುವುದನ್ನು ಕಂಡನು.

ವರದರಾಯರು 1973ರಲ್ಲಿ ತೀರಿಕೊಂಡರು. ಅವರ ಮತ್ತು ರುಕ್ಮಿಣಿಯವರ ಮಗಳು ಲಕ್ಷ್ಮಿ ಅದಕ್ಕೆ ಐದು ವರ್ಷ ಮೊದಲೇ, 1968ರಲ್ಲಿ, ‘ಗೋವಾದಲ್ಲಿ ಸಿ.ಐ.ಡಿ. 999’ ಚಿತ್ರದಲ್ಲಿ ರಾಜಕುಮಾರರ ಎದುರು ಕನ್ನಡಕ್ಕೆ ಬಂದಿದ್ದರು. 1976ರಲ್ಲಿ ಆ ಜೋಡಿಯ ಮತ್ತೊಂದು ಚಿತ್ರ ತೆರೆಕಂಡು ರಾಜ್ಯವನ್ನೆಲ್ಲ ಸೂರೆಗೊಂಡಿತು. ಅದರ ಹೆಸರು ‘ನಾ ನಿನ್ನ ಮರೆಯಲಾರೆ’.